ಮೂಗಿನ ನೇರಕ್ಕೆ

ನಮ್ಮ ಅಜ್ಜನಿಂದ ನಮಗೆ ಉಳಿದ ಪಿತ್ರಾರ್ಜಿತವೆಂದರೆ ಮೂಗೊಂದೇ. ಜಮೀನು ಭೂಸುಧಾರಣೆಯಲ್ಲಿ ಹೋಯಿತು, ಮನೆ ದಾಯಾದಿಗಳ ಕೈಯಿಂದ ನ್ಯಾಯಾಲಯದ ಕೈಗೆ ಹೋಯಿತು. ಮೂಗು ಮಾತ್ರ ಪಾಲುಪಟ್ಟಿಯಿಲ್ಲದೆ, ತಕರಾರಿಲ್ಲದೆ, ಹದಿನೇಳು ಮೊಮ್ಮಕ್ಕಳಿಗೂ ಸರಿಸಮನಾಗಿ ಹಂಚಿಕೆಯಾಗಿದೆ. ನಡುವೆ ಒಂದು ದಿಣ್ಣೆ, ತುದಿಯಲ್ಲಿ ಗಿಣಿಯನ್ನು ನೆನಪಿಸುವ ಒಂದು ಬಾಗು. ನಾಲ್ಕು ತಲೆಮಾರು ಈ ಮೂಗಿನಿಂದಲೇ ಉಸಿರಾಡಿದೆ, ನಶ್ಯ ಏರಿಸಿದೆ, ಮೂಗುತಿ ತೊಟ್ಟಿದೆ, ಪರರ ಸಂಸಾರದಲ್ಲಿ ಅದನ್ನು ಯಥೇಚ್ಛವಾಗಿ ತೂರಿಸಿದೆ; ಅದು ಕೆಟ್ಟಿದೆಯೆಂದು ಯಾರೂ ದೂರಿದ್ದಿಲ್ಲ.

ಕಳೆದ ಮಾಘದಲ್ಲಿ ನನ್ನ ತಂಗಿಯ ಮಗಳಿಗೆ ಮೈಸೂರಿನ ಸಂಬಂಧ ಗೊತ್ತಾಯಿತು. ನಿಶ್ಚಿತಾರ್ಥದ ಊಟ ಮುಗಿದು ಎಲೆಯಡಿಕೆ ಮೆಲ್ಲುವ ಹೊತ್ತಿನಲ್ಲಿ ಹುಡುಗನ ಸೋದರತ್ತೆ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಬರಿಯ ಅಕ್ಕರೆಯಿಂದ, "ಹುಡುಗಿ ಲಕ್ಷಣವಾಗಿದ್ದಾಳೆ, ಮೂಗೊಂದು ಇಲ್ಲದಿದ್ದರೆ" ಎಂದರು. ಸುತ್ತಲಿನವರು ಬೆಚ್ಚಿದ್ದನ್ನು ಕಂಡು "ಹೀಗಿಲ್ಲದಿದ್ದರೆ" ಎಂದು ತಿದ್ದಿಕೊಂಡರು. ಈಗೆಲ್ಲ ಅದು ದೊಡ್ಡ ವಿಷಯವೇ ಅಲ್ಲವಂತೆ, ಒಂದು ವಾರದ ಕೆಲಸವಂತೆ, ಅವರ ಪರಿಚಯದ ಎಂಜಿನಿಯರ್ ಹುಡುಗಿಯೊಬ್ಬಳು ಪ್ರಾಜೆಕ್ಟ್ ಮುಗಿದ ಬಿಡುವಿನಲ್ಲಿ ಮಾಡಿಸಿಕೊಂಡು ಬಂದಳಂತೆ. ಮದುವೆಯ ಛಾಯಾಗ್ರಾಹಕನಾಗಿ ಗೊತ್ತಾಗಿದ್ದ ಯುವಕನೂ, ಕ್ಯಾಮೆರಾ ಒರೆಸುತ್ತ, ಸೈಡ್ ಪ್ರೊಫೈಲಿನಲ್ಲಿ "ಸ್ವಲ್ಪ ಚಾಲೆಂಜ್ ಇದೆ" ಎಂದು ಅನುಮೋದಿಸಿದ. ಮದುವೆಗೆ ಆಗ ಮೂರೂವರೆ ತಿಂಗಳಿತ್ತು.

ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೇ ಬೇಡವೇ ಎಂಬುದು ಅತ್ಯಂತ ವೈಯಕ್ತಿಕವಾದ ನಿರ್ಧಾರವೆಂದು ಎಲ್ಲ ಕ್ಲಿನಿಕ್ಕುಗಳ ಕರಪತ್ರಗಳೂ ಹೇಳುತ್ತವೆ. ಈ ವೈಯಕ್ತಿಕ ನಿರ್ಧಾರವನ್ನು ಕೈಗೊಳ್ಳಲು ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಇಪ್ಪತ್ಮೂರು ಜನ ಸೇರಿದರು. ಮೂಗಿನ ಒಡತಿಯನ್ನು ಎಲ್ಲರಿಗೂ ಕಾಫಿ ಕೊಡುವ ಕೆಲಸಕ್ಕೆ ನಿಯೋಜಿಸಲಾಯಿತು.

ಸಭೆ ತನ್ನ ತನ್ನ ಮೂಗಿನ ನೇರಕ್ಕೆ ಮಾತಾಡಿತು. ಎಲ್ಲರದ್ದೂ ಒಂದೇ ಮೂಗಾಗಿದ್ದರೂ ನೇರ ಮಾತ್ರ ಬೇರೆ ಬೇರೆಯಾಗಿತ್ತು. ನಶ್ಯದ ಡಬ್ಬಿ ಹಿಡಿದಿದ್ದ ಚಿಕ್ಕಪ್ಪ, ಮೂಗು ಸಣ್ಣದಾದರೆ ಖರ್ಚೂ ಕಡಿಮೆಯಾಗುವುದೆಂಬ ಒಂದು ಅಂಶವನ್ನು ಮುಂದಿಟ್ಟರು. ದೊಡ್ಡಮ್ಮ, ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾರದೆಂಬ ಗಾದೆಯನ್ನು ನೆನಪಿಸಿದರು; ಇಲ್ಲಿ ಸಿಟ್ಟೇ ಇಲ್ಲ, ಅರಿವಳಿಕೆ ಕೊಟ್ಟೇ ಕೊಯ್ಯುತ್ತಾರೆ ಎಂದು ಅವರ ಸೊಸೆ ಗಾದೆಯನ್ನು ಪರಿಷ್ಕರಿಸಿದಳು. ನ್ಯೂಜೆರ್ಸಿಯ ಭಾವ ವಿಡಿಯೋದಲ್ಲಿ ಪ್ರತ್ಯಕ್ಷನಾಗಿ, ಅಲ್ಲಿನ ಡಾಲರ್ ಲೆಕ್ಕಕ್ಕೆ ಹೋಲಿಸಿದರೆ ಬೆಂಗಳೂರಿನಲ್ಲಿ ಮೂಗು ಮಾಡಿಸಿಕೊಳ್ಳದಿರುವುದೇ ನಷ್ಟವೆಂದು ಸಾಧಿಸಿದ. ಆತ ತನ್ನ ಮೂಗನ್ನು ಕ್ಯಾಮೆರಾಕ್ಕೆ ಅಷ್ಟು ಹತ್ತಿರ ಹಿಡಿದಿದ್ದನೆಂದರೆ, ಪರದೆಯ ಮೇಲೆ ಬೇರೇನೂ ಕಾಣುತ್ತಿರಲಿಲ್ಲ.

ಆಮೇಲೆ ದೊಡ್ಡಪ್ಪನ ಸರದಿ ಬಂತು. ಅವರು ನಿವೃತ್ತ ಇತಿಹಾಸ ಮಾಸ್ತರು. ಯಾವ ಸಂಗತಿಯನ್ನೂ ಎರಡು ಸಾವಿರ ವರ್ಷದ ಈಚೆಗೆ ಆರಂಭಿಸುವ ಅಭ್ಯಾಸ ಅವರಿಗಿಲ್ಲ. ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ವಿಧಾನವೇ ಇದೆಯೆಂದೂ, ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿಕೊಂಡು, ಆ ಎಲೆಯಷ್ಟು ಚರ್ಮವನ್ನು ಕೆನ್ನೆಯಿಂದ ಪೂರ್ತಿ ಬಿಡಿಸದೆ ಎಬ್ಬಿಸಿ, ಮೂಗಿನ ಜಾಗಕ್ಕೆ ತಂದು ಹೊಲಿದು, ಉಸಿರಾಟಕ್ಕೆಂದು ಔಡಲದ ಎರಡು ಕೊಳವೆಗಳನ್ನು ಇಡುತ್ತಿದ್ದರೆಂದೂ ವಿವರಿಸಿದರು. 1792ರ ಯುದ್ಧದಲ್ಲಿ ಟಿಪ್ಪುವಿನವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ, ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತನಿಗೆ, ಪುಣೆಯ ಹತ್ತಿರ ಇಟ್ಟಿಗೆ ಕಸುಬಿನ ಕುಲದವನೊಬ್ಬ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲೆ ಗೆರೆ ಎಳೆದು, ಹಣೆಯ ಚರ್ಮವನ್ನೇ ಕೆಳಗೆ ಮಡಿಚಿ, ಕಾಚಿನ ಸರಿಯಿಂದ ಕೂರಿಸಿದನಂತೆ. ಈ ವೃತ್ತಾಂತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಚಿತ್ರಸಮೇತ ಅಚ್ಚಾಯಿತು. ಅದನ್ನು ತಿಳಿದು ಅಭ್ಯಾಸ ಮಾಡಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮದಿಂದ ಮೂಗು ಕಟ್ಟಿದ. ನಾವು ಎಲೆಯಡಿಕೆಗೆ ಹಚ್ಚುವ ಕಾಚಿನಿಂದ ಮೂಗನ್ನು ಅಂಟಿಸಬಹುದಾಗಿತ್ತೆಂಬ ಸಂಗತಿ ಸಭೆಯ ಹಿರಿಯರಲ್ಲಿ ಅಪಾರ ಸ್ವಾಭಿಮಾನವನ್ನು ಮೂಡಿಸಿತು.

ನಮ್ಮ ಪೂರ್ವಿಕರು ಇದನ್ನು ಮೊದಲೇ ಕಂಡುಹಿಡಿದಿದ್ದರೆಂಬುದು ಸಿದ್ಧವಾದ ಮೇಲೆ ಹುಡುಗಿ ಮಾಡಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲವೆಂಬ ವಾತಾವರಣ ಉಂಟಾಯಿತು. ಸುಶ್ರುತನ ಕಾಲದಲ್ಲಿಯೂ ಕಾವಸ್‌ಜಿಯ ಕಾಲದಲ್ಲಿಯೂ ಮೂಗು ಬೇಕೆಂದು ಬಂದವರಿಗೆ ಮೂಗು ಇರಲಿಲ್ಲ, ನಮ್ಮ ಹುಡುಗಿಗೆ ಇದೆ ಎಂಬ ಒಂದು ಸಣ್ಣ ವ್ಯತ್ಯಾಸವನ್ನು ನಾನು ಎತ್ತಿದೆ. ಅದನ್ನು ಯಾರೂ ಮೂಸಿ ನೋಡಲಿಲ್ಲ. ದೊಡ್ಡಪ್ಪ ಮಾತ್ರ ಹೊರಡುವಾಗ ನನ್ನನ್ನು ಬದಿಗೆ ಕರೆದು, 17ನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರಿಗೂ ಮಧುರೆಗೂ ನಡೆದ ಕಾಳಗಕ್ಕೆ ಮೂಗು ಕೊಯ್ಯುವ ಯುದ್ಧವೆಂದೇ ಹೆಸರು ಬಂದಿತ್ತೆಂದೂ, ಮೊದಲು ಇವರು ಅವರ ಮೂಗು ಕೊಯ್ದರೆಂದೂ ಆಮೇಲೆ ಅವರು ಇವರದ್ದನ್ನೆಂದೂ ತಿಳಿಸಿ, ಮೈಸೂರಿನವರ ಕಣ್ಣು ಪರರ ಮೂಗಿನ ಮೇಲೆ ಬೀಳುವುದು ಇದೇ ಮೊದಲಲ್ಲವಾದ್ದರಿಂದ ಬೀಗರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ಸಮಾಧಾನ ಹೇಳಿದರು.

ಕ್ಲಿನಿಕ್ಕಿಗೆ ಹುಡುಗಿಯೊಂದಿಗೆ ಹೋಗುವ ಹೊಣೆ ನನ್ನ ಮೇಲೆ ಬಿತ್ತು. ಊರಿನ ಹೆಸರುವಾಸಿ ಬಡಾವಣೆಯೊಂದರಲ್ಲಿ, ಕೆಳಗೆ ಕಾರಿನ ಷೋರೂಮು ಮೇಲೆ ಮುಖದ ಷೋರೂಮು ಇರುವ ಕಟ್ಟಡ. ಒಳಗೆ ಔಷಧಿಯ ವಾಸನೆಯಿಲ್ಲ, ನಿಂಬೆಹುಲ್ಲಿನ ಪರಿಮಳವಿದೆ. ರೋಗಿ ಎಂಬ ಪದವನ್ನು ಅಲ್ಲಿ ಯಾರೂ ಉಚ್ಚರಿಸುವುದಿಲ್ಲ, ಎಲ್ಲರೂ ಕ್ಲೈಂಟುಗಳು. ಕನ್ಸಲ್ಟೇಷನ್ ಉಚಿತವೆಂದು ಬೋರ್ಡಿನಲ್ಲಿದ್ದುದರಿಂದ ವೈದ್ಯರು ಸಿಗುತ್ತಾರೆಂದು ನಾವು ಭಾವಿಸಿದ್ದೆವು. ಸಿಕ್ಕವರು ಕೌನ್ಸೆಲರ್ ಎಂಬ ಅತ್ಯಂತ ಮೃದುಭಾಷಿಯಾದ ತರುಣಿ. ಹಿಂದೆ ಆಸ್ಪತ್ರೆಗೆ ಹೋದರೆ, ತೊಂದರೆ ಏನೆಂದು ನಾವು ಹೇಳುತ್ತಿದ್ದೆವು, ಪರಿಹಾರವನ್ನು ಅವರು ಹೇಳುತ್ತಿದ್ದರು. ಇಲ್ಲಿ ಎರಡನ್ನೂ ಅವರೇ ಹೇಳುವುದರಿಂದ ನಮ್ಮ ಶ್ರಮ ಉಳಿಯುತ್ತದೆ. ಮೂಗಿಗೆಂದು ಹೋದ ಹುಡುಗಿಗೆ ಗದ್ದ ಹಿಂದಿದೆಯೆಂದೂ, ತುಟಿಗೆ ತುಂಬು ಸಾಲದೆಂದೂ, ಹುಬ್ಬುಗಳ ನಡುವಿನ ಗೆರೆಗೆ ಈಗಿನಿಂದಲೇ ಬೊಟಾಕ್ಸ್ ಆರಂಭಿಸಿದರೆ ಮುಂದೆ ಅನುಕೂಲವೆಂದೂ ಇಪ್ಪತ್ತು ನಿಮಿಷಗಳಲ್ಲಿ ಪತ್ತೆಯಾಯಿತು. ಬೊಟಾಕ್ಸ್ ಎಂಬುದು ಕೆಟ್ಟ ಆಹಾರದಲ್ಲಿ ಹುಟ್ಟಿ ಮನುಷ್ಯರ ಸ್ನಾಯುಗಳ ಶಕ್ತಿಯನ್ನೇ ಉಡುಗಿಸುವ ಒಂದು ವಿಷವೆಂದೂ, ಅದನ್ನೇ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಚುಚ್ಚಿ ಹಣೆಯ ಸ್ನಾಯುಗಳನ್ನು ಮೂರ್ನಾಲ್ಕು ತಿಂಗಳು ಮಲಗಿಸುತ್ತಾರೆಂದೂ ನಾನು ಓದಿದ್ದೆ. ಮದುವೆಯಾದ ಮೊದಲ ಮೂರ್ನಾಲ್ಕು ತಿಂಗಳು ಹುಬ್ಬು ಗಂಟಿಕ್ಕಲು ಬಾರದಿದ್ದರೆ ಸಂಸಾರ ನಡೆಸುವುದು ಹೇಗೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಅಷ್ಟರಲ್ಲಿ ಹುಡುಗಿಯ ಪಾರ್ಶ್ವಚಿತ್ರವನ್ನು ಕಂಪ್ಯೂಟರಿಗೆ ಏರಿಸಿ, ದಿಣ್ಣೆಯನ್ನು ಸವರಿ, ತುದಿಯನ್ನು ಎತ್ತಿ ತೋರಿಸಿದರು. ಪರದೆಯ ಮೇಲೆ ಬಂದ ಮುಖ ಸುಂದರವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಕಾಯುವ ಕೋಣೆಯ ಗೋಡೆಯ ಮೇಲಿದ್ದ ಹನ್ನೆರಡು 'ನಂತರ'ದ ಮುಖಗಳಲ್ಲಿ ಯಾವುದರ ಪಕ್ಕದಲ್ಲಿಟ್ಟರೂ ಅಕ್ಕತಂಗಿಯರೆನ್ನುವಷ್ಟು. 'ಮೊದಲಿ'ನ ಹನ್ನೆರಡು ಮುಖಗಳಲ್ಲಿ ಒಬ್ಬರಂತೆ ಇನ್ನೊಬ್ಬರಿರಲಿಲ್ಲ. ನಾನು ಪರದೆಗೆ ಬಗ್ಗಿದಾಗ ಕೌನ್ಸೆಲರ್ ನನ್ನ ಮೂಗನ್ನೂ ಗಮನಿಸಿ, ಅನುಕಂಪದಿಂದ, ಒಂದೇ ಕುಟುಂಬದ ಇಬ್ಬರಿಗೆ ಶೇಕಡಾ ಹತ್ತರ ರಿಯಾಯಿತಿ ಇದೆಯೆಂದರು. ನಮ್ಮಲ್ಲಿ ಹದಿನೇಳು ಮೂಗುಗಳಿವೆಯೆಂದು ತಿಳಿದರೆ ಆಕೆ ಒಂದು ಶಾಖೆಯನ್ನೇ ತೆರೆಯುತ್ತಿದ್ದರೇನೋ.

ಹಣದ ವಿಷಯ ಬಂದಾಗ ನಮ್ಮ ವ್ಯವಸ್ಥೆಯ ತತ್ತ್ವಜ್ಞಾನ ಬಯಲಾಗುತ್ತದೆ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಆದರೆ ಸೌಂದರ್ಯದ ಶಸ್ತ್ರಚಿಕಿತ್ಸೆಗೂ ಕೂದಲು ನಾಟಿಗೂ ಶೇಕಡಾ 18 ಇದೆ, ಜನ್ಮಜಾತ ದೋಷ, ಬೆಳವಣಿಗೆಯ ವೈಪರೀತ್ಯ, ಗಾಯ ಅಥವಾ ಆಘಾತದಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಾದರೆ ಮಾತ್ರ ವಿನಾಯಿತಿ. ಸೀಳುತುಟಿಯ ಮಗುವಿಗೂ ಸುಟ್ಟ ಕೈಗೂ ಸಿಗಬೇಕಾದದ್ದೇ ಅದು, ನ್ಯಾಯವಾದ ಮಾತು. ಆದರೆ ಸೋದರತ್ತೆಯ ಒಂದು ವಾಕ್ಯದಿಂದ ಉಂಟಾದದ್ದು ಆಘಾತದ ವ್ಯಾಖ್ಯೆಯಲ್ಲಿ ಬರುತ್ತದೆಯೇ ಎಂಬುದನ್ನು ಯಾವ ಅಧಿಸೂಚನೆಯೂ ಸ್ಪಷ್ಟಪಡಿಸಿಲ್ಲ. ವಿಮೆಯವರು ಹೊರಗಿಡುವ ಬಾಬತ್ತುಗಳ ಪಟ್ಟಿಯಲ್ಲಿ ಸೌಂದರ್ಯ ಚಿಕಿತ್ಸೆ 08ನೆಯ ಸಂಕೇತವಾಗಿ ಕುಳಿತಿದೆ. ಅಂದರೆ, ಈ ಮೂಗಿನಲ್ಲಿ ಯಾವ ಕಾಯಿಲೆಯೂ ಇಲ್ಲವೆಂದು ತೆರಿಗೆ ಇಲಾಖೆಯೂ ವಿಮಾ ಕಂಪನಿಯೂ ಲಿಖಿತವಾಗಿ ಪ್ರಮಾಣೀಕರಿಸಿವೆ. ಕಾಯಿಲೆಯೆನ್ನುವವರು ಬೀಗರು ಮತ್ತು ಬಡ್ಡಿರಹಿತ ಇಎಂಐ ಕೊಡುವವರು ಮಾತ್ರ. ಉಸಿರಾಟಕ್ಕೆ ಏನಾದರೂ ತೊಂದರೆ ಇದೆಯೇ ಎಂದು ಕೌನ್ಸೆಲರ್ ಬಹಳ ಆಸೆಯಿಂದ ಕೇಳಿದರು, ಒಳಗಿನ ಗೋಡೆ ಸೊಟ್ಟಗಿದ್ದರೆ ಒಂದಷ್ಟನ್ನು ವಿಮೆಗೆ ತೋರಿಸಬಹುದಿತ್ತಂತೆ. ದುರದೃಷ್ಟವಶಾತ್ ಹುಡುಗಿ ಸರಾಗವಾಗಿ ಉಸಿರಾಡುತ್ತಿದ್ದಳು.

ವೈದ್ಯರು ಜಾಹೀರಾತಿನ ಮೂಲಕ ರೋಗಿಗಳನ್ನು ಕರೆಯಬಾರದೆಂದು 2002ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ. ಯೂಟ್ಯೂಬಿನಲ್ಲಿ ನೋಡಿಯೋ ಕಾರ್ಯಾಗಾರದಲ್ಲಿ ಕುಳಿತೋ ಕಲಿತದ್ದು ಕೂದಲು ನಾಟಿ ಮಾಡಲು ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಬರೆದು ತಿಳಿಸಬೇಕಾಯಿತು. ಅದನ್ನು ಬರೆದು ತಿಳಿಸಬೇಕಾಗಿ ಬಂತೆಂಬುದನ್ನು ಓದುಗರು ನಿಧಾನವಾಗಿ ಇನ್ನೊಮ್ಮೆ ಓದಿಕೊಳ್ಳಬೇಕೆಂದು ವಿನಂತಿ. ಅದೇ ವರ್ಷದ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ, ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆಯ ನಟಿಯೊಬ್ಬಳು ಮನೆಗೆ ಮರಳಲಿಲ್ಲ. ಒಂದು ವಾರ ಟೀವಿಗಳು ಆಕೆಯ ತೂಕವನ್ನು ಚರ್ಚಿಸಿದವು, ನಡುನಡುವೆ ಜಾಹೀರಾತುಗಳನ್ನೂ ತೋರಿಸಿದವು.

ಎರಡನೆಯ ಭೇಟಿಯಲ್ಲಿ ಕೊನೆಗೂ ಶಸ್ತ್ರವೈದ್ಯರು ಸಿಕ್ಕರು. ನಡುವಯಸ್ಸಿನವರು, ದಣಿದವರು, ತಮ್ಮದೇ ಮೂಗು ತುಸು ಸೊಟ್ಟಗಿದ್ದವರು. ಮೂಳೆಯನ್ನು ಅರೆದು, ಅಗತ್ಯವಿದ್ದರೆ ಮುರಿದು ಕೂರಿಸಬೇಕಾಗುತ್ತದೆ, ಒಂದು ವಾರ ಪಟ್ಟಿ ಇರುತ್ತದೆ, ಕಣ್ಣಿನ ಸುತ್ತ ಕಪ್ಪಡರಿರುತ್ತದೆ, ತುದಿಯ ಬಾವು ಪೂರ್ತಿ ಇಳಿದು ಮೂಗು ತನ್ನ ರೂಪಕ್ಕೆ ಬರಲು ಒಂದು ವರ್ಷವೂ ಹಿಡಿಯಬಹುದು, ಆಮೇಲೂ ಪರದೆಯಲ್ಲಿ ಕಂಡದ್ದೇ ಬರುತ್ತದೆಂದು ತಮ್ಮಿಂದ ಮಾತು ಕೊಡಲಾಗದೆಂದು ಒಂದೇ ಉಸಿರಿನಲ್ಲಿ ಹೇಳಿದರು. ಕೌನ್ಸೆಲರ್ ನೆಲ ನೋಡುತ್ತಿದ್ದರು. ಮದುವೆಯ ಆಲ್ಬಮ್ಮಿನಲ್ಲಿ ಹಾಗಾದರೆ ಹಳೆಯದೂ ಅಲ್ಲದ ಹೊಸದೂ ಅಲ್ಲದ ಮೂರನೆಯ ಮೂಗೊಂದು ಬರುವುದೆಂದು ನಾನು ಲೆಕ್ಕ ಹಾಕುತ್ತಿರುವಾಗ, ವೈದ್ಯರು ಹುಡುಗಿಯ ಕಡೆ ತಿರುಗಿ, "ನಿಮಗೆ ನಿಮ್ಮ ಮೂಗು ಬೇಡವೆಂದು ಯಾವಾಗಿನಿಂದ ಅನ್ನಿಸಿದೆ?" ಎಂದು ಕೇಳಿದರು. ಇಪ್ಪತ್ಮೂರು ಜನರ ಸಭೆಯಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ಹುಡುಗಿ ಕೈಗಡಿಯಾರದತ್ತ ನೋಡಿ, ಸುಮಾರು ಐದು ವಾರದಿಂದ ಎಂದಳು.

ವೈದ್ಯರು ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಹುಡುಗಿ ಫೋನ್ ತೆರೆದು, ಹುಡುಗನ ಭಾವಚಿತ್ರವನ್ನು ಮೇಜಿನ ಮೇಲಿಟ್ಟು, ಈ ಕಿವಿಗಳು ಇಷ್ಟು ಹೊರಗೆ ಚಾಚಿಕೊಂಡಿವೆಯಲ್ಲ, ಇವನ್ನು ಹಿಂದಕ್ಕೆ ಒತ್ತಿ ಕೂರಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿದಳು. ಕೌನ್ಸೆಲರಿಗೆ ಜೀವ ಬಂತು. ಎರಡು ಕಿವಿ, ಶಸ್ತ್ರಚಿಕಿತ್ಸಾ ಕೊಠಡಿ, ಅರಿವಳಿಕೆ, ಮೇಲೆ ಶೇಕಡಾ 18, ಆರು ಕಂತು, ಜೊತೆಗೆ 'ಮೊದಲು–ನಂತರ'ದ ಚಿತ್ರ: ಅಂದಾಜು ಪಟ್ಟಿ ಅಲ್ಲೇ ತಯಾರಾಯಿತು. ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಅದು ಎರಡೂ ಕುಟುಂಬಗಳ ವಾಟ್ಸಾಪ್ ಗುಂಪಿನಲ್ಲಿತ್ತು.

ಆ ಗುಂಪಿನಲ್ಲಿ ಶುಭೋದಯವೂ ಬಾರದ ನಲವತ್ತು ನಿಮಿಷಗಳು ಅದೇ ಮೊದಲ ಬಾರಿಗೆ ಕಳೆದವು. ಆಮೇಲೆ ಮೈಸೂರಿನಿಂದ ಸೋದರತ್ತೆ ಬರೆದರು: "ಅದು ನಮ್ಮ ಮನೆತನದ ಕಿವಿ. ತಾತನಿಂದ ಬಂದದ್ದು." ಮದುವೆ ಗೊತ್ತುಮಾಡಿದ ಮುಹೂರ್ತಕ್ಕೇ ನಡೆಯಿತು. ಛಾಯಾಗ್ರಾಹಕ ಎಲ್ಲ ಚಿತ್ರಗಳನ್ನೂ ಎದುರಿನಿಂದ ತೆಗೆದ. ಕ್ಲಿನಿಕ್ಕಿನಿಂದ ನನಗೆ ಈಗಲೂ ವಾರಕ್ಕೊಂದು ಸಂದೇಶ ಬರುತ್ತದೆ. ಇಬ್ಬರ ರಿಯಾಯಿತಿ ಈ ತಿಂಗಳ ಕೊನೆಯವರೆಗೆ ಇದೆಯಂತೆ.