ನಂಜು ಹಿಡಿದ ಪಪ್ಪಾಯಿ ಗಿಡ: ಕೀಳುವುದು ಕಡ್ಡಾಯ ಆಗಬೇಕೇ?

ಪರ: ಒಬ್ಬರ ಹೊಲದ ಗಿಡ, ಊರಿಗೆಲ್ಲ ರೋಗ
(ಹಿರಿಯೂರು ತಾಲ್ಲೂಕಿನ ಬೆಳೆಗಾರರು)

ಕಡ್ಡಾಯ ಆಗಲೇಬೇಕು. ಸಭೆಗಳಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೂಡ ನಾನು ಇದೇ ಮಾತು ಹೇಳಿದ್ದೇನೆ. ಇಲ್ಲೂ ಅದನ್ನೇ ಹೇಳುತ್ತೇನೆ.

ಮೊದಲು ರೋಗ ಹೇಗೆ ಬರುತ್ತದೆ ಅಂತ ತಿಳಿಯಬೇಕು. ಪಪ್ಪಾಯಿಯ ಉಂಗುರ ಚುಕ್ಕೆ ರೋಗಕ್ಕೆ ಕಾರಣ ಒಂದು ನಂಜು, ಅಂದರೆ ವೈರಸ್. ಅದು ಮಣ್ಣಿನಿಂದ ಬರುವುದಲ್ಲ, ಬೀಜದಿಂದ ಹರಡುವುದಲ್ಲ. ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಸಸ್ಯಹೇನು, ಅಂದರೆ ಗಿಡದ ರಸ ಹೀರುವ ಸಣ್ಣ ಹುಳ. ಆ ಹೇನು ಪಪ್ಪಾಯಿ ಮೇಲೆ ಸಂಸಾರ ಹೂಡುವುದೂ ಇಲ್ಲ. ಅದು ಬೆಳೆಯುವುದು ಹತ್ತಿ, ಶೇಂಗಾ, ಅಲಸಂದೆ, ಅವರೆ ಮೇಲೆ. ಅಲ್ಲಿ ಹೇನು ಕಿಕ್ಕಿರಿದಾಗ, ಇಲ್ಲವೇ ಬೆಳೆ ಒಣಗತೊಡಗಿದಾಗ, ರೆಕ್ಕೆಯ ಹೇನು ಎದ್ದು ಹಾರುತ್ತವೆ. ದಾರಿಯಲ್ಲಿ ಪಪ್ಪಾಯಿ ಸಿಕ್ಕರೆ ಎಲೆಗೆ ಸುಮ್ನೆ ಬಾಯಿ ಚುಚ್ಚಿ ನೋಡುತ್ತವೆ. ರುಚಿ ಹಿಡಿಸುವುದಿಲ್ಲ. ಮುಂದಿನ ಗಿಡಕ್ಕೆ ಹೋಗುತ್ತವೆ. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನಂಜು ಹೇನಿನ ಹೊಟ್ಟೆಗೆ ಇಳಿಯಬೇಕಾಗಿಲ್ಲ. ಸೂಜಿಯಂಥ ಬಾಯಿಯ ತುದಿಗೆ ಅಂಟಿದರೆ ಸಾಕು. ಅಂಟಿಸಿಕೊಳ್ಳಲು ಕೆಲವು ಸೆಕೆಂಡು, ಇನ್ನೊಂದು ಗಿಡಕ್ಕೆ ದಾಟಿಸಲು ಕೆಲವು ಸೆಕೆಂಡು.

ಅದಕ್ಕೇ ಔಷಧಿ ಹೊಡೆದು ಇದನ್ನು ತಡೆಯಲು ಆಗುವುದಿಲ್ಲ. ಹೇನು ಸಾಯುವ ಮೊದಲೇ ಚುಚ್ಚಿ ಆಗಿರುತ್ತದೆ. ಆದರೂ ನಮ್ಮ ಜನ ಡಬ್ಬಿ ಡಬ್ಬಿ ತಂದು ಹೊಡೆಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ ಇದೆ, ನನ್ನ ವಾದ ನಿಂತಿರುವುದೇ ಅದರ ಮೇಲೆ. ಹೇನು ಹುಟ್ಟುವಾಗ ನಂಜು ಹೊತ್ತು ಹುಟ್ಟುವುದಿಲ್ಲ. ಎಲ್ಲೋ ಒಂದು ರೋಗದ ಗಿಡ ನಿಂತಿದ್ದರೆ ಮಾತ್ರ ಅದಕ್ಕೆ ನಂಜು ಸಿಗುತ್ತದೆ. ಬಾಯಿಗೆ ಅಂಟಿದ ನಂಜೂ ಬಹಳ ಹೊತ್ತು ಉಳಿಯುವುದಿಲ್ಲ. ನಾಲ್ಕಾರು ಗಿಡ ಚುಚ್ಚುವುದರಲ್ಲಿ ಒರೆಸಿ ಹೋಗುತ್ತದೆ. ಅಂದರೆ ನಿಮ್ಮ ತೋಟಕ್ಕೆ ರೋಗ ಬಂತು ಅಂದ್ರೆ ಹೆಚ್ಚಾಗಿ ಅದು ಹತ್ತಿರದಿಂದಲೇ ಬಂದಿರುತ್ತದೆ. ಬದುವಿನ ಆಚೆಯ ಗಿಡದಿಂದ.

ನನಗೆ ಹೀಗೇ ಆಯಿತು. ಎರಡು ಎಕರೆ ಪಪ್ಪಾಯಿ ಹಾಕಿದ್ದೆ. ಬೋರಿನಲ್ಲಿ ನೀರು ಕಮ್ಮಿ. ಡ್ರಿಪ್ಪಿಗೆ ಸಾಲ ಮಾಡಿದ್ದೆ. ನಾಲ್ಕನೇ ತಿಂಗಳಲ್ಲಿ ಮೂಲೆಯ ಗಿಡದ ಸುಳಿ ಹಳದಿ-ಹಸಿರು ಆಯಿತು. ತೊಟ್ಟಿನ ಮೇಲೆ ಎಣ್ಣೆ ಸವರಿದ ಹಾಗೆ ಕಪ್ಪು ಹಸಿರು ಗೆರೆ. ಅದೇ ದಿನ ಕಿತ್ತು ಗುಂಡಿಯಲ್ಲಿ ಹೂತೆ. ಆ ವಾರದಲ್ಲಿ ಒಟ್ಟು ಹನ್ನೊಂದು ಗಿಡ ಕಿತ್ತೆ. ಹೂ ಕಚ್ಚಿದ ಗಿಡಗಳು. ಕೀಳುವಾಗ ನನ್ನ ಹೆಂಡತಿ ಹೊಲಕ್ಕೇ ಬರಲಿಲ್ಲ, ನೋಡಲು ಆಗಲ್ಲ ಅಂದಳು.

ಪಕ್ಕದ ಹೊಲ ನಮ್ಮ ದೊಡ್ಡಪ್ಪನ ಮಗನದು. ಅವನ ತೋಟದಲ್ಲಿ ಬದುವಿನ ಸಾಲಿನಲ್ಲೇ ರೋಗದ ಗಿಡ ಇದ್ದವು. ಎಲೆ ದಾರದಂತೆ ಸಣ್ಣಗಾಗಿದ್ದವು. ಹೋಗಿ ಕೇಳಿದೆ. “ಅಣ್ಣಾ, ಆ ಗಿಡ ಕಿತ್ತುಬಿಡು.” “ಕಾಯಿ ಇದಾವಲ್ಲೋ ತಮ್ಮಾ. ಇದೊಂದು ಕೊಯ್ಲು ಇಳಿಸ್ಕೊಂಡು ಕೀಳ್ತೀನಿ” ಅಂದ. ಮತ್ತೆ ಹೋದೆ. ಕೈ ಮುಗಿದೆ. “ನನ್ನ ಹೊಲ, ನನ್ನ ಗಿಡ. ನಿನಗೇನು?” ಅಂದ. ಅವರೆ ಕಾಯಿ ಮುಗಿದು ಬಳ್ಳಿ ಒಣಗುವ ಹೊತ್ತಿಗೆ ಹೇನು ಎದ್ದವು. ಮೊದಲು ಅವನ ಬದುವಿಗೆ ಹತ್ತಿದ ನನ್ನ ಮೂರು ಸಾಲು. ಆಮೇಲೆ ನಡುವಿನ ಸಾಲು. ಎಲೆ ಮುದುಡಿತು, ಹೂ ಉದುರಿತು, ಉಳಿದ ಕಾಯಿಯ ಮೇಲೆಲ್ಲ ಉಂಗುರ. ವ್ಯಾಪಾರಿ ಬಂದು ನೋಡಿ, ಬೆಲೆ ಕೂಡ ಹೇಳದೆ ಗಾಡಿ ತಿರುಗಿಸಿಕೊಂಡು ಹೋದ. ಅಣ್ಣನ ತೋಟವೂ ಉಳಿಯಲಿಲ್ಲ. ಇವತ್ತಿಗೂ ನಮ್ಮಿಬ್ಬರ ನಡುವೆ ಸರಿಯಾಗಿ ಮಾತಿಲ್ಲ. ಹಬ್ಬಕ್ಕೆ ಮಕ್ಕಳು ಹೋಗಿ ಬರುತ್ತಾರೆ, ಅಷ್ಟೇ.

ನಿಯಮ ಇದ್ದಿದ್ದರೆ ನಾನು ಕೈ ಮುಗಿಯಬೇಕಾಗಿರಲಿಲ್ಲ. ಅವನಿಗೂ ಹಟ ಹಿಡಿಯುವ ಅವಕಾಶ ಇರುತ್ತಿರಲಿಲ್ಲ.

ಆಸ್ಟ್ರೇಲಿಯಾದಲ್ಲಿ 1920ರ ದಶಕದಲ್ಲಿ ಬಾಳೆಗೆ ಗುಚ್ಛ ತಲೆ ರೋಗ ಬಂತು. ಅದೂ ಹೇನು ಹರಡುವ ರೋಗ. ತೋಟಗಳು ನೆಲ ಕಚ್ಚಿದವು. ಮ್ಯಾಗಿ ಅನ್ನುವ ವಿಜ್ಞಾನಿ ರೋಗದ ಮೂಲ ಹುಡುಕಿದರು. ಆಮೇಲೆ ಸರ್ಕಾರ ತೋಟ ತೋಟ ತಪಾಸಣೆ ಮಾಡಿಸಿ, ರೋಗದ ಬುಡ ಕೀಳುವುದನ್ನು ಕಾನೂನು ಮಾಡಿತು. ಬಾಳೆ ಮತ್ತೆ ಎದ್ದು ನಿಂತಿತು. ನಮ್ಮ ಮಲೆನಾಡಿನ ಏಲಕ್ಕಿಗೆ ಬರುವ ಕಟ್ಟೆ ರೋಗಕ್ಕೂ ರೋಗದ ಬುಡ ಕೀಳಿ ಅಂತಲೇ ಹೇಳುತ್ತಾರೆ, ಅಲ್ವಾ? ಹಾಗಿದ್ದ ಮೇಲೆ ಪಪ್ಪಾಯಿಗೆ ಯಾಕೆ ಆಗಬಾರದು?

ಲಕ್ಷಣ ಕಾಣುವ ಹೊತ್ತಿಗೆ ತಡ ಆಗಿರುತ್ತೆ, ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ಅಂತ ಕೆಲವರು ಗಾದೆ ಹೇಳುತ್ತಾರೆ. ನಾನು ಬಾವಿ ತೋಡಿ ಅನ್ನುತ್ತಿಲ್ಲ. ಹೊತ್ತಿದ ಕೊಳ್ಳಿಯನ್ನು ಎಳೆದು ಆಚೆ ಹಾಕಿ ಅನ್ನುತ್ತಿದ್ದೇನೆ. ಪರಿಹಾರ ಯಾರು ಕೊಡುತ್ತಾರೆ ಅಂತ ಇನ್ನು ಕೆಲವರು ಕೇಳುತ್ತಾರೆ. ಸುಳಿ ಸುಟ್ಟ ಗಿಡಕ್ಕೆ ಬೆಲೆ ಎಲ್ಲಿದೆ? ನನ್ನ ಎರಡು ಎಕರೆಗೆ ಯಾರು ಕೊಟ್ಟರು?


ವಿರೋಧ: ಕೀಳೋಣ, ಕಡ್ಡಾಯ ಬೇಡ
(ದಾವಣಗೆರೆಯ ಕೃಷಿ ಪದವೀಧರೆ)

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿಕೊಂಡೆ. ಗಿಡ ಕೀಳುವುದೇ ತಪ್ಪು ಅಂತ ನಾನು ಹೇಳಲಾರೆ. ಜಗಳೂರಿನ ಹತ್ತಿರ ಅಪ್ಪನ ತೋಟದಲ್ಲಿ ನಾನೇ ಕಿತ್ತಿದ್ದೇನೆ. ಕಡ್ಡಾಯ ಅನ್ನುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಹವಾಯಿಯಲ್ಲಿ ಇದನ್ನು ಮಾಡಿ ನೋಡಿದ್ದಾರೆ. 1992ರಲ್ಲಿ ಅಲ್ಲಿನ ಪುನಾ ಎಂಬ ಪಪ್ಪಾಯಿ ಸೀಮೆಗೆ ಇದೇ ನಂಜು ಬಂತು. ಕೃಷಿ ಇಲಾಖೆಯವರು ಗುರುತು ಹಾಕಿ ಹಾಕಿ ಗಿಡ ಕಡಿಸಿದರು. ಹರಡುವ ವೇಗಕ್ಕೆ ಸಾಟಿ ಆಗಲಿಲ್ಲ. 1994ರ ಕೊನೆಗೆ ಕೈ ಬಿಟ್ಟರು. 1998ರಲ್ಲಿ ನಂಜು ತಡೆಯುವ ಕುಲಾಂತರಿ ತಳಿ ಬಂದ ಮೇಲೆಯೇ ಅವರು ಚೇತರಿಸಿಕೊಂಡದ್ದು. ನಮ್ಮಲ್ಲಿ ಆ ತಳಿ ಬೆಳೆಯಲು ಅನುಮತಿ ಇಲ್ಲ.

ಬಾಳೆಯ ಉದಾಹರಣೆ ಎಲ್ಲರೂ ಕೊಡುತ್ತಾರೆ. ಆದರೆ ಬಾಳೆಯ ಹೇನು ಬಾಳೆಯಲ್ಲೇ ವಾಸ ಮಾಡುತ್ತದೆ. ನಂಜು ಹತ್ತಿಸಿಕೊಳ್ಳಲು ಅದು ಗಂಟೆಗಟ್ಟಲೆ ರಸ ಹೀರಬೇಕು. ಪಪ್ಪಾಯಿಯಲ್ಲಿ ಸೆಕೆಂಡಿನ ಕೆಲಸ. ಗಿಡಕ್ಕೆ ನಂಜು ಹೊಕ್ಕ ಮೇಲೆ ಲಕ್ಷಣ ಕಾಣಲು ಎರಡು-ಮೂರು ವಾರ ಬೇಕು. ಒಂದು ಗಿಡ ಕಿತ್ತಾಗ ಪಕ್ಕದಲ್ಲಿ ಚೆನ್ನಾಗಿ ಕಾಣುವ ಗಿಡಗಳಲ್ಲೂ ಅದು ಆಗಲೇ ಇರಬಹುದು.

ಇನ್ನು ಗುರುತಿಸುವ ಕಷ್ಟ. ನಮ್ಮ ದಾವಣಗೆರೆ ಸುತ್ತ ಮೆಕ್ಕೆಜೋಳವೇ ಜಾಸ್ತಿ. ಕಳೆಗೆ 2,4-ಡಿ ಹೊಡೆಯುತ್ತಾರೆ. ಗಾಳಿಗೆ ಅದು ಪಪ್ಪಾಯಿಗೆ ಬಡಿದರೆ ಎಲೆ ಸಣ್ಣಗಾಗಿ ತಿರುಚಿಕೊಳ್ಳುತ್ತದೆ. ಥೇಟ್ ನಂಜಿನ ಹಾಗೆಯೇ ಕಾಣುತ್ತದೆ. ನುಸಿ ಬಿದ್ದರೂ ಸುಳಿ ಮುದುಡುತ್ತದೆ. ನಮ್ಮೂರಲ್ಲೇ ಒಬ್ಬರು ಹೆದರಿ ಸುಮಾರು ಗಿಡ ಕಿತ್ತರು. ಬಿಟ್ಟಿದ್ದ ಗಿಡಗಳು ತಿಂಗಳು ಕಳೆದ ಮೇಲೆ ಒಳ್ಳೆಯ ಎಲೆ ಬಿಟ್ಟವು. ಕಡ್ಡಾಯ ಮಾಡಿದರೆ ಯಾರೋ ಮಚ್ಚು ಹಿಡಿದು ಹೊಲಕ್ಕೆ ಬರುತ್ತಾರೆ, ಯಾವುದು ರೋಗ ಅಂತ ಅವರೇ ತೀರ್ಮಾನ ಮಾಡುತ್ತಾರೆ. ಬಡವರ ಗಿಡ ಮೊದಲು ಬೀಳುತ್ತದೆ.

ಘಾನಾದಲ್ಲಿ ಕೋಕೋಗೆ ಹಿಟ್ಟು ತಿಗಣೆ ಹರಡುವ ನಂಜು ಬಂದಾಗ, 1940ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಬಲವಂತವಾಗಿ ಮರ ಕಡಿಸಿತು. ರೈತರು ಸಿಡಿದೆದ್ದರು. 1948ರ ಗಲಭೆಗೆ ಈ ಸಿಟ್ಟೂ ಒಂದು ಕಾರಣ.

ಬದಲಿಗೆ ಏನು ಮಾಡೋಣ? ಸಸಿಯನ್ನು ನೆಟ್ ಮನೆಯೊಳಗೆ ಬೆಳೆಸಬೇಕು. ತೋಟದ ಹತ್ತಿರ ಸೌತೆ, ಕುಂಬಳ ಹಾಕಬಾರದು, ಈ ನಂಜು ಅವುಗಳಲ್ಲೂ ಬದುಕುತ್ತದೆ. ಸುತ್ತ ಮೆಕ್ಕೆಜೋಳದ ಬೇಲಿ ಕಟ್ಟಬೇಕು. ಹಾರಿ ಬರುವ ಹೇನು ಮೊದಲು ಜೋಳದ ಎಲೆ ಚುಚ್ಚುತ್ತದೆ. ಬಾಯಿಯ ನಂಜು ಅಲ್ಲೇ ಕಳೆದು ಹೋಗುತ್ತದೆ. ಜೋಳಕ್ಕೆ ಈ ನಂಜು ತಗಲುವುದಿಲ್ಲ. ಜೋಳದ ಬೀಜಕ್ಕೆ ನಮ್ಮೂರಲ್ಲಿ ಯಾರೂ ಹೊಸದಾಗಿ ಸಾಲ ಮಾಡಬೇಕಾಗಿಯೂ ಇಲ್ಲ.

ಪಕ್ಕದವರು ಏನೂ ಮಾಡದಿದ್ದರೆ ಅನ್ನುವ ಪ್ರಶ್ನೆ ಇದ್ದೇ ಇದೆ. ಅವರ ಜೊತೆ ಕೂತು ಮಾತಾಡಬೇಕು ಅಂತಷ್ಟೇ ನಾನು ಹೇಳಬಲ್ಲೆ. ಅಪ್ಪ ಈ ಸಲ ಬದುವಿನ ಗುಂಟ ಎರಡು ಸಾಲು ಜೋಳ ಬಿತ್ತಿದ್ದಾರೆ. ಅದು ಎದೆಮಟ್ಟ ಬಂದ ಮೇಲೆ ಪಪ್ಪಾಯಿ ಸಸಿ ನೆಡುತ್ತಾರಂತೆ.