ಎರಡೇ ತಂಡದ ಖಂಡ

ಹಾಕಿ ವಿಶ್ವಕಪ್‌ಗೆ 16 ತಂಡಗಳು. ಯಾರು ಒಳಗೆ, ಯಾರು ಹೊರಗೆ ಎಂದು ತಿಳಿಯಲು ಮೊನ್ನೆ ಸುಮ್ನೆ ನಿಯಮ ಓದುತ್ತಾ ಕೂತೆ. ಆತಿಥೇಯರು, ಪ್ರೊ ಲೀಗ್ (ಬಲಿಷ್ಠ ದೇಶಗಳ ನಡುವಿನ ಲೀಗ್) ಗೆದ್ದವರು, ಖಂಡಕ್ಕೊಬ್ಬ ಚಾಂಪಿಯನ್, ಮಿಕ್ಕವರಿಗೆ ಅರ್ಹತಾ ಟೂರ್ನಿ. ಆತಿಥೇಯರೇ ಖಂಡವನ್ನೂ ಗೆದ್ದುಬಿಟ್ಟರೆ? ಅದಕ್ಕೆ ಬೇರೆ ಲೆಕ್ಕ. ಆಸ್ತಿ ಪಾಲುಪತ್ರ ಓದಿದ ಹಾಗಾಯಿತು.

ಖಂಡದ ಚಾಂಪಿಯನ್ ಅಂದೆನಲ್ಲ, ಓಷಿಯಾನಿಯಾ ಕಪ್ ನೋಡಿ. 2019ರಲ್ಲಿ ಅದನ್ನು ಆಡಿದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಮತ್ತೆ? ಮತ್ತೆ ಯಾರೂ ಇಲ್ಲ. 2023ರಲ್ಲೂ ಅವರಿಬ್ಬರೇ. ಖಂಡ ಗೆದ್ದವರಿಗೆ ಒಲಿಂಪಿಕ್ಸ್‌ಗೂ ಸೀಟು ಇದೆಯಲ್ಲ, ಇಲ್ಲಿ ಮೂರು ಪಂದ್ಯ ಆಡಿದರೆ ಒಬ್ಬರಿಗೆ ಅದು ಸಿಕ್ಕಿಬಿಡುತ್ತಿತ್ತು. ಸೋತವರು ರನ್ನರ್ ಅಪ್. ಕೊನೆಯ ಸ್ಥಾನವೂ ಅವರದ್ದೇ. ಇಂಥ ಟೂರ್ನಿಗೆ ಡ್ರಾ ಹೇಗೆ ಎತ್ತುತ್ತಾರೋ! ಡಬ್ಬಿಯಲ್ಲಿ ಎರಡು ಚೀಟಿ. ಒಂದನ್ನು ತೆಗೆದಾಯಿತು. ಎದುರಾಳಿ ಯಾರಿರಬಹುದು ಎಂದು ಸಭಾಂಗಣವೆಲ್ಲ ಉಸಿರು ಬಿಗಿಹಿಡಿದಿರುತ್ತದಾ? ಮೂರನೇ ಸ್ಥಾನದ ಪೀಠದ ಮೇಲೆ ಯಾರನ್ನು ನಿಲ್ಲಿಸುತ್ತಾರೆ, ಅಂಪೈರ್‌ನಾ?

ಹೆಸರಿಡುವುದರಲ್ಲೂ ಹಾಕಿಯವರನ್ನು ಮೆಚ್ಚಲೇಬೇಕು. 2017ರಲ್ಲಿ ವಿಶ್ವಕಪ್ ಅರ್ಹತೆಗೆ ವರ್ಲ್ಡ್ ಲೀಗ್ ಸೆಮಿಫೈನಲ್ ಅಂತ ಇತ್ತು. ಪುರುಷರದ್ದೇ ಎರಡು, ಲಂಡನ್‌ನಲ್ಲೊಂದು, ಜೊಹಾನ್ಸ್‌ಬರ್ಗ್‌ನಲ್ಲೊಂದು. ಒಂದೊಂದರಲ್ಲೂ ಹತ್ತು ತಂಡ! ಲಂಡನ್ ಸೆಮಿಫೈನಲ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಭಾರತ 2-3ರಿಂದ ಮಲೇಷ್ಯಾಕ್ಕೆ ಸೋತಿತು. (ಹೌದು, ಸರಿಯಾಗೇ ಓದಿದಿರಿ.) ಆದರೂ ಭುವನೇಶ್ವರದ ವರ್ಲ್ಡ್ ಲೀಗ್ ಫೈನಲ್ ಎಂಬ ಟೂರ್ನಿಯಲ್ಲಿ ಆಡಿತು, ಯಾಕೆಂದರೆ ಮೈದಾನ ನಮ್ಮದು. ಆ ಫೈನಲ್‌ನಲ್ಲಿ ಎಂಟು ತಂಡ. ನಮಗೆ ಕಂಚು. ಮದುವೆ ಮನೆಯವರನ್ನು ಪಂಕ್ತಿಯಿಂದ ಎಬ್ಬಿಸಲು ಆಗುತ್ತದಾ?

ಇಲ್ಲಿಯವರೆಗೆ ನಗಬಹುದು. 2016ರ ರಿಯೊ ಒಲಿಂಪಿಕ್ಸ್ ವಿಷಯಕ್ಕೆ ನಗು ಬರುವುದಿಲ್ಲ. ದಕ್ಷಿಣ ಆಫ್ರಿಕಾದ ಪುರುಷರೂ ಮಹಿಳೆಯರೂ ಆಫ್ರಿಕಾ ಖಂಡ ಗೆದ್ದರು. ನಿಯಮದ ಪ್ರಕಾರ ಎರಡು ತಂಡಕ್ಕೂ ಸೀಟು ಸಿಕ್ಕಿತು. ಬೇಡ ಎಂದದ್ದು ಅವರದ್ದೇ ದೇಶದ ಒಲಿಂಪಿಕ್ ಸಮಿತಿ. ಆಫ್ರಿಕಾದಲ್ಲಿ ಗೆಲ್ಲುವುದು ಸುಲಭವಂತೆ, ಆದ್ದರಿಂದ ಆ ಗೆಲುವು ಲೆಕ್ಕಕ್ಕಿಲ್ಲವಂತೆ. ವರ್ಷಗಟ್ಟಲೆ ಬೆವರು ಸುರಿಸಿದವರು ಆಡು ಅಂದ ಟೂರ್ನಿ ಆಡಿದರು, ಗೆಲ್ಲು ಅಂದಿದ್ದನ್ನು ಗೆದ್ದರು. ಇನ್ನೇನು ಮಾಡಬೇಕಿತ್ತು, ಖಂಡ ಬದಲಾಯಿಸಬೇಕಿತ್ತಾ? ಕೋಟು ಹಾಕಿಕೊಂಡು ಕೂತವರು ಒಂದು ಸಹಿಯಲ್ಲಿ ಅವರ ಒಲಿಂಪಿಕ್ಸ್ ಮುಗಿಸಿದರು. ಕೆಲವರಿಗೆ ಆ ವಯಸ್ಸು ಮತ್ತೆ ಬರುವುದೂ ಇಲ್ಲ.

ಮಹಿಳೆಯರ ಸೀಟು ಸ್ಪೇನ್‌ಗೆ ಹೋಯಿತು. ಪುರುಷರದ್ದು ಯಾರಿಗೆ ಅಂದುಕೊಂಡಿರಿ?

ನ್ಯೂಜಿಲೆಂಡ್‌ಗೆ.