ಟ್ರೈನಿಯೂ ಆಗಿರಬೇಕು, ಅನುಭವವೂ ಇರಬೇಕು!

ಇವತ್ತು ಪೀಣ್ಯದಲ್ಲಿ ಒಂದು ಕಾರ್ಖಾನೆಯ ಗೇಟಿಗೆ ತೂಗುಹಾಕಿದ್ದ ಬೋರ್ಡು ನೋಡಿದಾಗಿನಿಂದ ತಲೆ ಬಿಸಿಯಾಗಿದೆ. ‘ಸಿಎನ್‌ಸಿ ಆಪರೇಟರ್ ಟ್ರೈನಿ ಬೇಕಾಗಿದ್ದಾರೆ. ಐಟಿಐ ಆಗಿರಬೇಕು. ಎರಡು ವರ್ಷ ಅನುಭವ ಕಡ್ಡಾಯ.’ ಸಿಎನ್‌ಸಿ ಎಂದರೆ ಕಂಪ್ಯೂಟರ್ ನಿಯಂತ್ರಿಸುವ ಮೆಷಿನ್. ಎರಡು ವರ್ಷ ಅದನ್ನು ಓಡಿಸಿದವನಿಗೆ ಇವರು ಇನ್ನೇನು ಕಲಿಸುತ್ತಾರೋ!

ಕನಿಷ್ಠ ವೇತನ ಹೆಚ್ಚಿಸುವ ಮಾತು ಬಂದಾಗಲೆಲ್ಲ ಇಂಥ ಮಾಲೀಕರಿಗೆ ಯುವಕರ ಮೇಲೆ ಎಲ್ಲಿಲ್ಲದ ಕರುಣೆ ಉಕ್ಕುತ್ತದೆ. ‘ಅಷ್ಟು ಕೊಡಬೇಕೆಂದರೆ ಹೊಸ ಹುಡುಗರನ್ನು ಯಾರು ಸೇರಿಸಿಕೊಳ್ಳುತ್ತಾರೆ?’ ಸ್ವಾಮಿ, ಕಲಿಯುವವರಿಗೆ ಕಡಿಮೆ ಕೊಡುವ ದಾರಿ ಕಾನೂನಿನಲ್ಲೇ ಇದೆಯಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅವರು ಕಾರ್ಮಿಕರೇ ಅಲ್ಲ. ಕೊಡುವುದು ಸಂಬಳವಲ್ಲ, ಸ್ಟೈಪೆಂಡ್, ಅಂದರೆ ತರಬೇತಿ ಭತ್ಯೆ. ಅದರಲ್ಲೂ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯವರೆಗೆ, ಕೇಂದ್ರದ ಯೋಜನೆಯೇ ಭರಿಸುತ್ತದೆ. ಆದರೆ ಒಪ್ಪಂದ ನೋಂದಾಯಿಸಬೇಕು, ಅವಧಿ ನಿಗದಿಯಾಗಿರಬೇಕು, ಕೆಲಸ ಕಲಿಸಬೇಕು. ತೊಡಕಿರುವುದು ಅಲ್ಲೇ! ಇವರಿಗೆ ಬೇಕಿರುವುದು ಅವಧಿಯೇ ಮುಗಿಯದ ಟ್ರೈನಿ.

ಒಳಗೆ ಹೋಗಿ ನೋಡಿ. ಬಾಗಿಲು ತೆಗೆ, ಜಾಬ್ (ಕೊರೆಯಬೇಕಾದ ಲೋಹದ ತುಂಡು) ಕೂರಿಸು, ಹಸಿರು ಗುಂಡಿ ಒತ್ತು. ಶಿಫ್ಟ್ ಮುಗಿಯುವವರೆಗೆ ಇಷ್ಟೇ. ಅಳತೆ ಆಚೀಚೆಯಾದರೆ ಆಫ್‌ಸೆಟ್, ಅಂದರೆ ಮೆಷಿನ್‌ಗೆ ಕೊಟ್ಟಿರುವ ಟೂಲಿನ ಅಳತೆಯ ಹೊಂದಾಣಿಕೆ, ತಿದ್ದುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ. ನನ್ನ ಪಕ್ಕದಲ್ಲಿ ನಿಂತು ಅದನ್ನು ಹೇಳಿಕೊಟ್ಟ ಹಿರಿಯರೊಬ್ಬರು ಇದ್ದುದರಿಂದಲೇ ಇವತ್ತು ಈ ಕಸುಬಿನಲ್ಲಿ ನನ್ನ ಅನ್ನ ನಡೆಯುತ್ತಿದೆ. ಆ ಋಣ ನೆನಪಾದಾಗಲೆಲ್ಲ ಇವರ ಮೇಲೆ ಸಿಟ್ಟು ಇನ್ನಷ್ಟು ಏರುತ್ತದೆ.

ನಾಲ್ಕೇ ಜನರ ವರ್ಕ್‌ಶಾಪ್ ನಡೆಸುವವರ ಕಷ್ಟ ಬೇರೆ, ಒಪ್ಪುತ್ತೇನೆ. ದೊಡ್ಡ ಕಂಪನಿಗಳು ಅವರ ರೇಟು ಹಿಂಡುತ್ತವೆ, ಬಿಲ್ ಪಾಸು ಮಾಡಲು ಸತಾಯಿಸುತ್ತವೆ. ಆದರೆ ಅವರ ಬಡತನವನ್ನು ಮುಂದಿಟ್ಟುಕೊಂಡು ಸಾಲು ಸಾಲು ಮೆಷಿನ್ ಇರುವವರು ಅಳುವುದು ಯಾವ ನ್ಯಾಯ?

1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ವೇತನ ಗಂಟೆಗೆ 4.25ರಿಂದ 5.05 ಡಾಲರ್‌ಗೆ ಏರಿದಾಗಲೂ ಇದೇ ಗೋಳಿತ್ತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳನ್ನು ಪಕ್ಕದ ಪೆನ್ಸಿಲ್ವೇನಿಯಾದ ಅಂಗಡಿಗಳೊಂದಿಗೆ ಹೋಲಿಸಿ ನೋಡಿದರು. ಕೆಲಸ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಆ ಅಧ್ಯಯನಕ್ಕೆ ತಕರಾರು ಎತ್ತಿದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಅಮೆರಿಕಕ್ಕೂ ಪೀಣ್ಯಕ್ಕೂ ಏನು ಸಂಬಂಧ ಎನ್ನುವವರೂ ಬರುತ್ತಾರೆ. ಬರಲಿ.

‘ನೀವೇ ಒಂದು ಕಾರ್ಖಾನೆ ಹಾಕಿ ನೋಡಿ’ ಎಂದು ಕಾಮೆಂಟ್ ಬರೆಯಲು ಹೊರಟಿರುವ ಮಾಲೀಕ ಬಂಧುಗಳು, ತಮ್ಮಲ್ಲಿರುವ ಟ್ರೈನಿಗಳ ಪೈಕಿ ಎಷ್ಟು ಮಂದಿಯ ಒಪ್ಪಂದ ನೋಂದಣಿಯಾಗಿದೆ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ ಮುಂದುವರಿಯಬೇಕಾಗಿ ವಿನಂತಿ.